ಉಜ್ಜಿನಪ್ಪನ ಕಣ್ಣು

ಅಂಬಮ್ಮನ ತಲೆ ಮತ್ತೆ ಎಡಕ್ಕೇ ವಾಲಿತು.

ಇಬ್ಬರು ಗಂಡಸರು ಎರಡೂ ಕಡೆಯಿಂದ ಭುಜ ಹಿಡಿದಿದ್ದರು. ಹೊಸ ಪಂಚೆ ಹರಿದು ಮಾಡಿದ ಪಟ್ಟಿಯನ್ನು ಎದೆಗೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದಿದ್ದರು. ಗಲ್ಲದ ಕೆಳಗಿನಿಂದ ಇನ್ನೊಂದು ಪಟ್ಟಿ ತಂದು ನೆತ್ತಿಯ ಮೇಲೆ ಗಂಟು ಹಾಕಿದ್ದರು. ಕುರುಗೋಡು ಗುಡ್ಡದ ಬಂಡೆಯನ್ನಾದರೂ ನಿಲ್ಲಿಸಬಹುದಾದಷ್ಟು ಬಟ್ಟೆ ಅದು. ಆದರೂ ಕೈ ಬಿಟ್ಟ ಕೂಡಲೇ ಮುದುಕಿಯ ತಲೆ ಮೆಲ್ಲಗೆ, ಯಾರೂ ನೋಡುತ್ತಿಲ್ಲವೆಂಬ ಹಾಗೆ, ಕಿಟಕಿಯ ಕಡೆ ಸರಿಯುತ್ತಿತ್ತು. ಆ ಕಿಟಕಿಯಿಂದ ಓಣಿ ಕಾಣುತ್ತದೆ.

“ಬಿಡ್ರಿ, ಹಂಗ ಇರ್ಲಿ,” ಎಂದಳು ಸೊಸೆ ಹೊನ್ನೂರಮ್ಮ. “ಓಣ್ಯಾಗ ಯಾರು ಎತ್ತಾಗ ಹೊಂಟಾರ ಅಂತ ನೋಡಾಕತ್ತಾಳ.”

ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ಸೆರಗನ್ನು ಕಣ್ಣಿನಿಂದ ಬಾಯಿಗೆ ಇಳಿಸಿಕೊಂಡರು. ಗಂಡಸರು ಕೈ ಬಿಟ್ಟರು. ಅಂಬಮ್ಮ ತನಗೆ ಬೇಕಾದ ಹಾಗೆ ಕೂತಳು.

ಆ ಮನೆತನದಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಮೈ ತೊಳೆದು, ಹಣೆ ತುಂಬ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣಿಗೆ ಇಳಿಯುವುದೂ ಕೂತುಕೊಂಡೇ. ಅದಕ್ಕೆ ಮುಂಚೆ ಮನೆಮಂದಿಯೆಲ್ಲ ಸುತ್ತ ಕೂತು ಫೋಟೋ ತೆಗೆಸಬೇಕು. ಕುರುಗೋಡಿನಲ್ಲಿ ಆ ಕೆಲಸ ಅಬ್ದುಲ್ ಸಮದನದು. ಸಮದನ ಕೈಯಲ್ಲಿ ಫೋಟೋ ತೆಗೆಸಿಕೊಳ್ಳದೆ ಹೋದ ಮುದುಕರು ಗುರುತು ಹಿಡಿಯುವವರಿಲ್ಲದೆ ಇನ್ನೂ ಕೈಲಾಸದ ಬಾಗಿಲ ಹೊರಗೇ ನಿಂತಿದ್ದಾರೆ ಎಂದು ಅಂಬಮ್ಮನೇ ಹೇಳಿಕೊಂಡು ತಿರುಗುತ್ತಿದ್ದಳು.

ಆ ಸಮದ ಈಗ ಮೂರು ಕಾಲಿನ ಕ್ಯಾಮೆರಾವನ್ನು ಹೆಗಲ ಮೇಲಿಟ್ಟುಕೊಂಡು ಹೊಸ್ತಿಲ ಹೊರಗೆ ನಿಂತಿದ್ದ. ಅವನ ಮನೆ ಇದೇ ಓಣಿಯ ಕೊನೆಯಲ್ಲಿ. ಎಷ್ಟೋ ಸಾವಿನ ಮನೆಗಳ ಹೊಸ್ತಿಲನ್ನು ಸಲೀಸಾಗಿ ದಾಟಿದವನು, ಇಲ್ಲಿ ಚಪ್ಪಲಿ ಬಿಟ್ಟು ಎಷ್ಟೋ ಹೊತ್ತಾದರೂ ಒಳಗೆ ಕಾಲಿಟ್ಟಿರಲಿಲ್ಲ. ಅಂಬಮ್ಮನ ಮಗ ಎರ್ರಿಸ್ವಾಮಿ ಹೊರಗೆ ಬಂದು ಕೈ ಹಿಡಿದು ಕರೆದುಕೊಂಡು ಹೋದ. ಒಳಗೆ ಪಡಸಾಲೆಯ ಗೋಡೆಯ ಮೇಲೆ ಅಪ್ಪ ಉಜ್ಜಿನಪ್ಪನ ಫೋಟೋ ಇತ್ತು. ಅವನು ಸತ್ತು ಹದಿನಾರು ವರ್ಷ. ಅದೂ ಹೀಗೇ ಗೋಡೆಗೆ ಕೂರಿಸಿ ತೆಗೆದದ್ದೇ; ಆದರೆ ಫೋಟೋದಲ್ಲಿ ಉಜ್ಜಿನಪ್ಪ ಕಣ್ಣು ತೆರೆದುಕೊಂಡು ನೆಟ್ಟಗೆ ನೋಡುತ್ತಿದ್ದ.

“ಸಮದಣ್ಣ, ಅಪ್ಪಗ ಬರದು ಕೊಟ್ಟಂಗ ಅವ್ವಗೂ ಕಣ್ಣು ಬರಿ,” ಎಂದ ಎರ್ರಿಸ್ವಾಮಿ.

ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರು ಎಲ್ಲ ಮನೆಗಳಲ್ಲೂ ಇದ್ದ ಕಾಲ ಅದು. ಹೆಣದ ಫೋಟೋ ಅಚ್ಚಾದ ಮೇಲೆ, ಮುಚ್ಚಿದ ರೆಪ್ಪೆಯ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದುಕೊಡುವುದು ಸ್ಟುಡಿಯೋದವರ ರೂಢಿ. ಸಮದ ಊರಿನ ಅರ್ಧ ಮನೆಗಳಿಗೆ ಹಾಗೆ ಬರೆದುಕೊಟ್ಟಿದ್ದಾನೆ. ಇವತ್ತು ಮಾತ್ರ ಅವನು ಕ್ಯಾಮೆರಾದ ಕಾಲುಗಳನ್ನು ಬಿಡಿಸುವುದರಲ್ಲೇ ಇದ್ದ.

ಅಂಬಮ್ಮನ ತಮ್ಮ ಗಾದೆಪ್ಪ ಬೆಳಗಿನಲ್ಲೇ ಬಳ್ಳಾರಿಯಿಂದ ಬಂದಿದ್ದ. ಪಾರ್ವತಿನಗರದಲ್ಲಿ ಮನೆ ಕಟ್ಟಿಸಿದವನು. ಆ ಮನೆಯಲ್ಲಿ ಅಡಿಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಸಾರು ಹಳಸುತ್ತದೆ ಎಂದು ಅಕ್ಕ ಅವನನ್ನು ಆಡಿಕೊಳ್ಳುತ್ತಿದ್ದಳು. ಅವನು ಸಮದನ ಮುಖ ನೋಡಿ, ಇವನ ಕೈಯಲ್ಲಿ ಆಗುವುದಿಲ್ಲವೇನೋ ಅಂದುಕೊಂಡ.

“ಆಗಂಗಿಲ್ಲ ಅಂದರ ಹೇಳಪ,” ಎಂದ. “ಬಳ್ಳಾರ್ಯಾಗ ಒಬ್ಬ ಅದಾನ, ಲೈಟ್ ಹಾಕಿ ತೆಗೀತಾನ. ಜೀಪು ಕಳಿಸಿದರ ಮಧ್ಯಾಹ್ನಕ್ಕ ಬರ್ತಾನ. ಎಂಥಾ ಕಣ್ಣು ಬೇಕು ಅಂಥಾ ಕಣ್ಣು ಬರೀತಾನ.”

ಸಿರುಗುಪ್ಪದಿಂದ ಮಗಳು ಬರಬೇಕಾಗಿತ್ತು. ಅವಳು ಬಂದ ಮೇಲೆ ತೆಗೆಯೋಣ ಎಂದಷ್ಟೇ ಹೇಳಿ ಸಮದ ಕಂಬಕ್ಕೆ ಒರಗಿ ಕೂತ. ಕಣ್ಣು ಬರೆಯುವುದಿಲ್ಲವೆಂದು ಅವನು ಅಂಬಮ್ಮನಿಗೆ ಮಾತು ಕೊಟ್ಟಿದ್ದ. ಯಾಕೆ ಬೇಡವೆಂದಳು ಎಂದು ಮಗ ಕೇಳಿದರೆ, ಗೋಡೆಯ ಮೇಲಿನ ಉಜ್ಜಿನಪ್ಪನ ಸುದ್ದಿ ಬಾಯಿ ಬಿಡಬೇಕಾಗುತ್ತಿತ್ತು. ಸುಮ್ಮನಿದ್ದರೆ ಬಳ್ಳಾರಿಯವನು ಬಂದು, ಅಂಬಮ್ಮನನ್ನು ಒಂದು ದಿನವೂ ಕಾಣದವನು, ಎಂಥಾ ಕಣ್ಣು ಬೇಕೋ ಅಂಥಾ ಕಣ್ಣು ಬರೆಯುತ್ತಿದ್ದ.

*

ಉಜ್ಜಿನಪ್ಪ ಸತ್ತದ್ದು ಅರವತ್ತಮೂರರ ಬೇಸಿಗೆಯಲ್ಲಿ. ಆಗ ಸಮದನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಸ್ಟುಡಿಯೋ ಮಾತ್ರ ಹೊಸದಾಗಿ ಕೈಗೆ ಬಂದಿತ್ತು. ಆ ವಯಸ್ಸಿನಲ್ಲಿ ಅವನಿಗೆ ಕುರುಗೋಡಿನಲ್ಲಿ ಫೋಟೋ ತೆಗೆಯುವಂಥದ್ದು ಏನೂ ಕಂಡಿರಲಿಲ್ಲ. ಎರಡು ದಿನ ಬಿಡುವು ಸಿಕ್ಕರೆ ಅಂಗಡಿಗೆ ಬೀಗ ಹಾಕಿ ಹಂಪಿಗೆ ಹೋಗಿಬಿಡುತ್ತಿದ್ದ. ಅಲ್ಲಿ ಕಲ್ಲು, ಕಲ್ಲಿನ ಹಿಂದೆ ಸೂರ್ಯ, ಸೂರ್ಯನ ಹಿಂದೆ ಮತ್ತೆ ಕಲ್ಲು. ತೆಗೆದದ್ದನ್ನು ಬೆಂಗಳೂರಿನ ಪತ್ರಿಕೆಗೆ ಕಳಿಸಿದರೆ, ಹೋದ ಬಸ್ಸಿಗಿಂತ ಬೇಗ ವಾಪಸ್ ಬರುತ್ತಿದ್ದವು.

ಉಜ್ಜಿನಪ್ಪನ ಫೋಟೋ ಚೆನ್ನಾಗಿಯೇ ಬಂತು. ಕಣ್ಣು ಬರೆಯಲು ಕೂತಾಗ ಕುಂಚ ಅಲ್ಲೇ ನಿಂತುಬಿಟ್ಟಿತು. ಉಜ್ಜಿನಪ್ಪನ ಕಣ್ಣು ಹೇಗಿದ್ದವು ಎಂದು ಸಮದನಿಗೆ ನೆನಪಾಗಲಿಲ್ಲ. ದಿನಾ ಸ್ಟುಡಿಯೋದ ಮುಂದೆಯೇ ಬಂಡಿ ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದ ಮನುಷ್ಯ. ರುಮಾಲಿನ ಬಣ್ಣ ನೆನಪಿತ್ತು, ಬಂಡಿಯ ಸಪ್ಪಳ ನೆನಪಿತ್ತು. ಕಣ್ಣು ಮಾತ್ರ ಇಲ್ಲ. ಸತ್ತವನ ಹೆಂಡತಿಯನ್ನು ಹೋಗಿ ಕೇಳಲು ನಾಚಿಕೆಯಾಯಿತು. ಕೊನೆಗೆ, ಗಿರಾಕಿಗಳು ತಲೆ ಬಾಚಿಕೊಳ್ಳಲು ತೂಗುಹಾಕಿದ್ದ ಕನ್ನಡಿಯ ಮುಂದೆ ಹೋಗಿ ನಿಂತ. ಅದರಲ್ಲಿ ಎರಡು ಕಣ್ಣು ಸಿಕ್ಕವು. ಅವನ್ನೇ ಬರೆದ.

ಎಲ್ಲರೂ ಮೆಚ್ಚಿದರು. ಯಾವ ಮೂಲೆಯಲ್ಲಿ ನಿಂತರೂ ಉಜ್ಜಿನಪ್ಪ ನಮ್ಮನ್ನೇ ನೋಡುತ್ತಾನೆ ಎಂದರು. ಅಂಬಮ್ಮನಿಗೆ ಮಾತ್ರ ಏನೋ ಸರಿಬರಲಿಲ್ಲ. ಅವಳ ಗಂಡ ಎತ್ತಿನ ಮುಖ ನೋಡಿ ಮಾತಾಡಿದಷ್ಟು ಹೆಂಡತಿಯ ಮುಖ ನೋಡಿ ಮಾತಾಡಿದವನಲ್ಲ. ಈಗ ನೋಡಿದರೆ ರೆಪ್ಪೆ ಬಡಿಯದೆ ನೋಡುತ್ತಾನೆ. ಸತ್ತ ಮೇಲೆ ಇವನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಅವಳು ದಿನಾ ಕೈ ಮುಗಿಯುವಾಗ ಯೋಚಿಸುತ್ತಿದ್ದಳು.

ತಿಂಗಳೊಪ್ಪತ್ತಿನಲ್ಲಿ ಒಂದು ಮುಂಜಾನೆ ಸಮದ ಏನೋ ಕೇಳಲು ಬಂದು, ಸರಿಯಾಗಿ ಆ ಫೋಟೋದ ಕೆಳಗೇ ನಿಂತ. ಅಂಬಮ್ಮ ಅವನನ್ನು ನೋಡಿದಳು. ಫೋಟೋ ನೋಡಿದಳು. ಮತ್ತೆ ಅವನನ್ನು ನೋಡಿದಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಮೊದಲ ಸಲ ನಗೆ ಕೇಳಿಸಿದ್ದು ಆಗ. ನಕ್ಕೂ ನಕ್ಕೂ ಕಂಬ ಹಿಡಿದುಕೊಂಡು ಕೆಳಗೆ ಕೂತಳು.

“ಲೇ ಸಮದ, ದಿನಾ ಎದ್ದ ಕೂಡಲೇ ನಾ ಯಾರಿಗೆ ಕೈ ಮುಗೀತಿದ್ದೆ ಗೊತ್ತೈತೇನು? ನಿನಗ.”

ಸಮದನ ಮುಖ ಬೂದಿಯಾಯಿತು. ಅಳಿಸಿ ಬೇರೆ ಬರೆದುಕೊಡುತ್ತೇನೆ, ಕಣ್ಣು ಹೇಗಿದ್ದವೆಂದು ಹೇಳು ಎಂದು ಬೇಡಿಕೊಂಡ. ಅವಳು ಒಪ್ಪಲಿಲ್ಲ. ಹತ್ತು ವರ್ಷದ ಎರ್ರಿಸ್ವಾಮಿ ಆ ಫೋಟೋಕ್ಕೆ ಹೇಳಿಯೇ ಶಾಲೆಗೆ ಹೋಗುತ್ತಿದ್ದ. ಈಗ ಕಣ್ಣು ಬದಲಿಸಿದರೆ ಹುಡುಗನಿಗೆ ಅಪ್ಪ ಇನ್ನೊಂದು ಸಲ ಸತ್ತ ಹಾಗೆ. ಅವನಿಗೆ ಯಾವತ್ತೂ ಹೇಳಬಾರದು ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ನಗು ಬಿಟ್ಟು ಕೇಳಿದಳು.

“ಹಂಪಿ ಕಲ್ಲು ನೋಡಾಕ ಬಸ್ಸು ಹತ್ತಿ ಹೋಗ್ತೀದಿ. ನಿನ್ನ ಅಂಗಡಿ ಮುಂದ ದಿನಾ ಹೋಗೋ ಮನಶಾನ್ನ ನೋಡಿಲ್ಲಲ್ಲೋ. ಅವನ್ನ ಬಿಡು, ಎತ್ತಿನ ಕಣ್ಣರ ನೋಡೀಯೇನು?”

ನೋಡಿರಲಿಲ್ಲ.

*

ಕೊಟ್ರಬಸಮ್ಮ ಬಂದದ್ದು ಮಧ್ಯಾಹ್ನದ ಬಸ್ಸಿಗೆ. ಅಂಬಮ್ಮನ ಹಿರಿಮಗಳು. ಬಸ್ ನಿಲ್ದಾಣದಲ್ಲಿ ಶುರುವಾದ ಅವಳ ಅಳು ಓಣಿಯ ತಿರುವಿಗೆ ಬರುವಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಓಣಿಗಳ ಹೆಂಗಸರನ್ನು ಸೇರಿಸಿಕೊಂಡಿತ್ತು. ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತಳು, ಗಲ್ಲದ ಪಟ್ಟಿ ಸರಿಮಾಡಿದಳು, ಮತ್ತೆ ಅತ್ತಳು.

ಮಗಳ ಅಳು ತಗ್ಗಿದ ಮೇಲೆ ಜನ ಮಾತಿಗಿಳಿದರು. ಅಂಬಮ್ಮ ಯಾರಿಗೆ ಏನೆಂದು ಹೆಸರಿಟ್ಟಿದ್ದಳು, ಯಾರನ್ನು ಎಷ್ಟು ಸತಾಯಿಸಿದಳು ಎಂಬುದೇ ಮಾತು. ಬಾದನಹಟ್ಟಿಯಿಂದ ಬಂದ ಬೀಗರು, ಹೊನ್ನೂರಮ್ಮನನ್ನು ನೋಡಲು ತಮ್ಮ ಮನೆಗೆ ಬಂದ ದಿನ ಮುದುಕಿ ಹೇಳಿದ್ದನ್ನು ನೆನೆಸಿಕೊಂಡರು. ತನ್ನ ಮಗ ಉಣ್ಣಲು ಕೂತರೆ ರೊಟ್ಟಿ ತಟ್ಟುವವಳಿಗೆ ಮುಪ್ಪು ಬರುತ್ತದೆ, ಬೇಕಾದರೆ ಈಗಲೇ ಬೇಡವೆಂದುಬಿಡಿ ಎಂದಿದ್ದಳಂತೆ. ದರ್ಜಿ ಗವಿಸಿದ್ದಪ್ಪ ತನ್ನ ಸುದ್ದಿ ಬರುವುದಕ್ಕೆ ಮುಂಚೆಯೇ ತಲೆ ತಗ್ಗಿಸಿದ. ಅವನ ಸುದ್ದಿ ಎಲ್ಲರಿಗೂ ಗೊತ್ತಿತ್ತು.

ಮಠದ ಅಯ್ಯನವರು ಬಂದು, ಹೊತ್ತು ಮುಳುಗುವ ಮೊದಲು ಮಣ್ಣಾಗಬೇಕು, ಫೋಟೋ ಏನಿದ್ದರೂ ಬೇಗ ಆಗಲಿ ಎಂದರು. ಬೆಳಗಿನಿಂದ ಕರೆಂಟು ಇರಲಿಲ್ಲ. ಗಾದೆಪ್ಪ ಜೀಪಿನ ಮಾತು ಮತ್ತೆ ಎತ್ತಿದ. ಮಗಳೂ ತನ್ನ ತಮ್ಮ ಎರ್ರಿಸ್ವಾಮಿಯ ಕಡೆಗೇ ಸೇರಿಕೊಂಡಳು: ಕಣ್ಣು ತೆರೆದಿರುವ ಅವ್ವನೇ ಬೇಕು, ಒಂದು ಪ್ರತಿ ಸಿರುಗುಪ್ಪಕ್ಕೂ ಬೇಕು ಎಂದಳು.

ಸಮದ ಅಂಬಮ್ಮನ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದ. ಅವುಗಳ ಕೆಳಗಿನ ಕಣ್ಣು ಅವನಿಗೆ ಈಗ ಚೆನ್ನಾಗಿ ಗೊತ್ತಿತ್ತು. ಬಲಗಣ್ಣು ಸ್ವಲ್ಪ ಸಣ್ಣದು. ಸುಳ್ಳು ಹೇಳುವಾಗ ಇನ್ನೂ ಸಣ್ಣದಾಗುತ್ತಿತ್ತು. ಎಡಗಣ್ಣಿನಲ್ಲಿ ಎರಡು ವರ್ಷದಿಂದ ಪೊರೆ. ಕನ್ನಡಿಯ ಹಂಗಿಲ್ಲದೆ ಬರೆಯಬಲ್ಲ ಕಣ್ಣು ಅವನ ಆಯುಷ್ಯದಲ್ಲಿ ಅವೇ ಇದ್ದವು. ಬರೆಯಬೇಡ ಎಂದವಳೂ ಅವಳೇ.

*

ಕನ್ನಡಿಯ ಕಣ್ಣಿನ ತಪ್ಪಿಗೆ ಅಂಬಮ್ಮ ಸಮದನಿಗೆ ದಂಡ ಹಾಕಿದ್ದಳು. ದಿನಾ ಸಂಜೆ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂರಬೇಕು. ಕ್ಯಾಮೆರಾ ತರಬಾರದು. ನೋಡಬೇಕು, ಅಷ್ಟೇ.

ಮೊದಮೊದಲು ಅವನಿಗೆ ಏನೂ ಕಾಣಲಿಲ್ಲ. ಓಣಿ ಓಣಿಯ ಹಾಗೇ ಇತ್ತು. ಅಂಬಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತ, ಕಣ್ಣೆತ್ತದೆ ಬಾಯಿಬಿಡುತ್ತಿದ್ದಳು. ಅಲ್ಲಿ ನೋಡು, ಹೈದರಸಾಬನ ಆಡು ಅವನ ಹೆಂಡತಿಗಿಂತ ಮೊದಲು ಅವನ ಹೆಜ್ಜೆ ಗುರುತು ಹಿಡಿಯುತ್ತದೆ. ಇಲ್ಲಿ ನೋಡು, ಆ ಎಮ್ಮೆ ಕಾಲುವೆಯಿಂದ ಎದ್ದು ಬಂದಿದೆ, ಅದರ ಬೆನ್ನಿನ ಮೇಲೆ ಆಕಾಶ ಕೂತಿದೆ, ಇಳಿಯುವ ಹಾಗೆ ಕಾಣುವುದಿಲ್ಲ. ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸುಳ್ಳು. ಸುಳ್ಳು ಎಷ್ಟೆಂದು ತಿಳಿಯಬೇಕಾದರೆ ತಿರುಗಿ ನೋಡಲೇಬೇಕಾಗುತ್ತಿತ್ತು. ಹಾಗೆ ನೋಡಿ ನೋಡಿ ಸಮದನಿಗೆ ನೋಡುವ ಚಟ ಹತ್ತಿತು.

ಒಂದು ಸಂಜೆ ಎದುರಿನ ಅಂಗಡಿಯಲ್ಲಿ ದರ್ಜಿ ಗವಿಸಿದ್ದಪ್ಪ ಆಕಳಿಸಿದ.

“ನೋಡು, ನೋಡು,” ಎಂದಳು ಅಂಬಮ್ಮ. “ಆ ಬಾಯಾಗ ಸಿರುಗುಪ್ಪಿ ಬಸ್ಸು ಹೊಕ್ಕು, ಒಳಗ ಹೊಳ್ಳಿಸಿಕೊಂಡು ಹೊರಗ ಬರ್ತತಿ.”

ಮರುದಿನದಿಂದ ಕ್ಯಾಮೆರಾ ತರಲು ಅವನಿಗೆ ಅಪ್ಪಣೆ ಸಿಕ್ಕಿತು. ವಾರವಿಡೀ ಕಾದು ಸಮದ ಆ ಆಕಳಿಕೆ ಹಿಡಿದ. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು, ನಡುವೆ ಆ ಬಾಯಿ. ಕಲ್ಲಿನ ಫೋಟೋಗಳನ್ನೆಲ್ಲ ವಾಪಸ್ ಕಳಿಸಿದ ಪತ್ರಿಕೆಯೇ ಅದನ್ನು ಅರ್ಧ ಪುಟಕ್ಕೆ ಹಾಕಿತು. ಗವಿಸಿದ್ದಪ್ಪ ಸಿಟ್ಟಿಗೆದ್ದು ಸಮದನ ಅಂಗಿ ಹೊಲಿಯುವುದನ್ನೇ ಬಿಟ್ಟ. ಬಳ್ಳಾರಿಯಿಂದ ಗಿರಾಕಿಗಳು ಆಕಳಿಸುವ ದರ್ಜಿಯನ್ನು ಹುಡುಕಿಕೊಂಡು ಬರತೊಡಗಿದ ಮೇಲೆ ಆ ಹಾಳೆಗೆ ಕಟ್ಟು ಹಾಕಿಸಿ ಮಷೀನಿನ ಮೇಲೆ ತೂಗುಹಾಕಿದ.

ಆಮೇಲೆ ಸಮದ ಹಂಪಿಗೆ ಹೋಗಲಿಲ್ಲ. ಗುಡ್ಡದ ನೆರಳಲ್ಲಿ ಸುತ್ತಿಗೆಯನ್ನೇ ತಲೆಗೆ ಕೊಟ್ಟುಕೊಂಡು ಮಲಗಿದ ಕಲ್ಲು ಒಡೆಯುವವರು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಒಟ್ಟಿಗೇ ಸೀನುವ ಹೆಂಗಸರು, ಗಂಡನ ಮೇಲಿನ ಸಿಟ್ಟಿಗೆ ಚಾಪೆ ಬಡಿಯುತ್ತಿದ್ದ ಮಾಸುಮಾಬಿ, ಎಲ್ಲ ಆ ಕಟ್ಟೆಯಿಂದ ಕೂಗಳತೆಯಲ್ಲೇ ಸಿಕ್ಕವು. ಅಂಬಮ್ಮ ಮಾತ್ರ ಸಿಗಲಿಲ್ಲ. ಕ್ಯಾಮೆರಾ ಅವಳ ಕಡೆ ತಿರುಗಿದರೆ ಮೊರ ಅಡ್ಡ ಹಿಡಿಯುತ್ತಿದ್ದಳು. ತನ್ನ ಚೆಲುವಿಗೆ ಗಾಜು ಒಡೆಯುತ್ತದೆ, ಸಮದನ ಹೊಟ್ಟೆಯ ಮೇಲೆ ಹೊಡೆಯಲು ತನಗೆ ಮನಸ್ಸಿಲ್ಲ ಎನ್ನುತ್ತಿದ್ದಳು.

ಹೋದ ಶ್ರಾವಣದಲ್ಲಿ ಅವಳಿಗೆ ಕಟ್ಟೆ ಹತ್ತಲು ಆಗದಾಯಿತು. ಸಮದ ಒಳಗೇ ಬಂದು ಕೂರುತ್ತಿದ್ದ. ಒಂದು ದಿನ ಅವಳು ಗೋಡೆಯ ಫೋಟೋ ತೋರಿಸಿ, ಒಂದೆರಡು ಕೂದಲು ನೆರೆತದ್ದು ನಿನಗೆ, ನನ್ನ ಗಂಡನ ಕಣ್ಣು ನೋಡು, ಇನ್ನೂ ಹುಡುಗನವು ಎಂದು ನಕ್ಕಳು. ಕೆಮ್ಮು ಬಂತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿದಳು.

“ನನಗ ಕಣ್ಣು ಬರೀಬ್ಯಾಡ. ಒಂದು ಕಡೆ ನೀ ಕುಂತೀದಿ, ಬಾಜೂಕ ನಾನೂ ಕಣ್ಣು ಬಿಟಗೊಂಡು ಕುಂತರ ಊರು ಏನಂದೀತು?”

ಸಮದ ನಗಲಿಲ್ಲ. ಅವಳೂ ನಗು ನಿಲ್ಲಿಸಿದಳು.

“ನೋಡಿ ನೋಡಿ ಹೊಟ್ಟಿ ತುಂಬೇತಿ, ಸಮದ. ಮುಚಗೊಂಡಿರ್ತೀನಿ.”

ಆಗಲಿ ಅವ್ವ, ಎಂದಿದ್ದ.

*

ಸಮದ ಎರ್ರಿಸ್ವಾಮಿಯನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಹೊನ್ನೂರಮ್ಮ ಒಬ್ಬಳೇ ನೀರಿನ ತೊಟ್ಟಿಯ ಬಳಿ ಕೂತು ಹಂಡೆ ತಿಕ್ಕುತ್ತಿದ್ದಳು.

“ಎರ್ರಿ, ಅವ್ವ ಕಣ್ಣು ಬ್ಯಾಡ ಅಂದಿದ್ದಳು,” ಎಂದ ಸಮದ.

“ಯಾಕ?”

ಸಮದ ಪಡಸಾಲೆಯ ಕಡೆ ತಿರುಗಿ ನೋಡಿದ. ಎರ್ರಿಸ್ವಾಮಿ ತಾನೇ ಹೇಳಿದ.

“ಅಪ್ಪನ ಕಣ್ಣು ನಿನ್ನವು ಅಂತನಾ?”

ಸಮದ ತೊಟ್ಟಿಯ ಅಂಚು ಹಿಡಿದುಕೊಂಡ. ಎರ್ರಿಸ್ವಾಮಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಫೋಟೋ ಬೇಕಾದಾಗ ಸ್ಟುಡಿಯೋಕ್ಕೆ ಹೋಗಿದ್ದನಂತೆ. ಸಮದ ಕ್ಯಾಮೆರಾದ ಕರಿ ಬಟ್ಟೆಯಿಂದ ತಲೆ ಹೊರಗೆ ಹಾಕಿ, ಅಲುಗಾಡಬೇಡ ಎಂದು ಅವನನ್ನೇ ನೆಟ್ಟಗೆ ನೋಡಿದನಂತೆ. ದಿನಾ ಗೋಡೆಯಿಂದ ನೋಡುವ ಕಣ್ಣು ಆವತ್ತು ಮಾತಾಡಿದ ಹಾಗಾಯಿತು. ಮನೆಗೆ ಬಂದು ಫೋಟೋ ನೋಡಿದ. ಅನುಮಾನ ಉಳಿಯಲಿಲ್ಲ.

“ಅವ್ವಗ ಗೊತ್ತಾದರ ಎದಿ ಒಡಕೊಂತಾಳ ಅಂತ ನಾ ಬಾಯಿ ಬಿಡಲಿಲ್ಲ,” ಎಂದ.

ಅವ್ವನಿಗೆ ನಿನಗಿಂತ ಮೊದಲೇ ಗೊತ್ತಿತ್ತು, ನಿನಗೆ ಗೊತ್ತಾದೀತೆಂದು ಅವಳೂ ಬಾಯಿ ಬಿಡಲಿಲ್ಲ ಎಂದು ಸಮದ ಹೇಳಿದಾಗ ಎರ್ರಿಸ್ವಾಮಿ ಅವನ ಮುಖವನ್ನೇ ನೋಡುತ್ತ ನಿಂತ. ಹಂಡೆ ತಿಕ್ಕುವ ಸಪ್ಪಳ ನಿಂತಿತು.

“ನನಗೂ ಗೊತ್ತೈತಿ,” ಎಂದಳು ಹೊನ್ನೂರಮ್ಮ, ತಲೆಯೆತ್ತದೆ. “ಮದಿವ್ಯಾಗಿ ಬಂದ ವಾರಕ್ಕ ಗೊತ್ತಾತು. ಸಮದಣ್ಣ ಬಾಗಲಾಗ ನಿಂತರ ಮಾವನೇ ಬಂದಂಗ ಆಗಿ ತಲಿ ಮ್ಯಾಲೆ ಸೆರಗು ಎಳಕೊಂತಿದ್ದೆ.”

“ಹಂಗಾದರ ಮನ್ಯಾಗ ಗೊತ್ತಿಲ್ಲದಾವ ಅಪ್ಪ ಒಬ್ಬನೇ,” ಎಂದ ಎರ್ರಿಸ್ವಾಮಿ. ನಗಲು ಹೋದ, ಬೆಳಗಿನಿಂದ ತಡೆದಿದ್ದ ಅಳು ಅದರ ಹಿಂದೆಯೇ ಬಂತು. ಹೆಂಡತಿ ಎದ್ದು ಒದ್ದೆ ಕೈಯಲ್ಲೇ ಅವನ ಬೆನ್ನು ಸವರಿದಳು.

ಸಮಾಧಾನವಾದ ಮೇಲೂ ಅವನು ತನ್ನ ಮಾತು ಬಿಡಲಿಲ್ಲ.

“ಅಪ್ಪನ ಕಣ್ಣು ನನಗ ನೆನಪಿಲ್ಲ, ಸಮದಣ್ಣ. ನಿನ್ನವ ನೋಡಿ ಬೆಳದೆ. ಒಂದು ಸುಳ್ಳಾಡಬೇಕಾದರ ಅವನ್ನ ತಪ್ಪಿಸಿ ಅಡಗಿ ಮನಿಗೆ ಹೋಗಿ ಆಡ್ತಿದ್ದೆ. ಅವ್ವ ಕಣ್ಣು ಮುಚಗೊಂಡು ಗೋಡಿ ಮ್ಯಾಲೆ ಕುಂತರ, ದಿನಾ ಎದ್ದು ಆಕಿ ಹೆಣ ನೋಡಿದಂಗ ಆಗ್ತತಿ. ನನ್ನ ಕೈಲೆ ಆಗಂಗಿಲ್ಲ.”

ಈಗ ತೆಗೆಯುತ್ತೇನೆ, ಅಚ್ಚಾದ ಮೇಲೆ ನೀನೇ ನೋಡು, ಆಗಲೂ ಬೇಕೆಂದ‌ರೆ ಬರೆಯುತ್ತೇನೆ ಎಂದ ಸಮದ. ಹೇಳಿ ಮುಗಿಸಿದ ಮೇಲೆ, ಸತ್ತವಳಿಗೆ ಕೊಟ್ಟ ಮಾತನ್ನು ಅರ್ಧ ಮುರಿದೆನೆಂದು ಅವನಿಗೆ ಗೊತ್ತಾಯಿತು.

ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಲಾಯಿತು. ಅಂಬಮ್ಮನ ಬಲಕ್ಕೆ ಎರ್ರಿಸ್ವಾಮಿ, ಎಡಕ್ಕೆ ಕೊಟ್ರಬಸಮ್ಮ, ಅವಳ ಪಕ್ಕ ಹೊನ್ನೂರಮ್ಮ, ಕೆಳಗೆ ಮಕ್ಕಳು, ಹಿಂದೆ ಬೀಗರು. ಗಾದೆಪ್ಪ ಜೀಪಿನಿಂದ ಕೋಟು ತರಿಸಿ ಹಾಕಿಕೊಂಡು, ಮೀಸೆ ತೀಡಿ, ನಡುವಿನಲ್ಲೇ ಜಾಗ ಮಾಡಿಕೊಂಡು ನಿಂತ. ಕೋಟಿನ ಗುಂಡಿ ಹಾಕಲು ಉಸಿರನ್ನೆಲ್ಲ ಒಳಗೆಳೆದುಕೊಳ್ಳಬೇಕಾಯಿತು.

ಒಳಗೆ ಬೆಳಕು ಕಡಿಮೆ. ಕ್ಯಾಮೆರಾದ ಬಾಯಿಯ ಮುಚ್ಚಳ ತೆಗೆದು, ನಿಧಾನಕ್ಕೆ ಎಣಿಸಿ ಮುಚ್ಚಬೇಕಾಗಿತ್ತು. ಅಷ್ಟು ಹೊತ್ತು ಯಾರೂ ಅಲುಗಬಾರದು, ಉಸಿರೂ ಬಿಡಬಾರದು ಎಂದು ಸಮದ ಹೇಳಿದ. ತಂದದ್ದು ಒಂದೇ ಗಾಜಿನ ಪ್ಲೇಟು, ಒಂದೇ ಫೋಟೋ ತೆಗೆಯಬಹುದಿತ್ತು. ಹೊರಗೆ ಶವ ಹೊರುವ ವಿಮಾನ ಕಟ್ಟಿ ಮುಗಿದಿತ್ತು, ಹೊರುವವರು ಕಾಯುತ್ತಿದ್ದರು. ಅವನು ಕರಿ ಬಟ್ಟೆಯೊಳಗೆ ಹೊಕ್ಕು ಎಲ್ಲ ಸರಿಮಾಡಿ, ಹೊರಗೆ ಬಂದು ಮುಚ್ಚಳ ತೆಗೆದ.

ಮನೆಯಲ್ಲಿ ಸೊಳ್ಳೆ ಹಾರಿದರೂ ಕೇಳಿಸುವಷ್ಟು ಮೌನ. ಆ ಮೌನದಲ್ಲಿ ಹೊನ್ನೂರಮ್ಮ, ತುಟಿ ಅಲುಗಿಸದೆ, ಅತ್ತೆಯದೇ ದನಿಯಲ್ಲಿ, ನಾದಿನಿಗೆ ಮಾತ್ರ ಎಂಬಂತೆ ಅಂದಳು.

“ಗಾದೆಪ್ಪ, ಉಸಿರು ಬಿಡಬ್ಯಾಡೋ. ಗುಂಡಿ ಹಾರಿ ಸಮದನ ಕಣ್ಣಿಗೆ ಬಡದರ, ಗೋಡಿ ಮ್ಯಾಲಿನ ನಿಮ್ಮ ಭಾವ ಕುರುಡ ಆಗ್ತಾನ.”

ಕೊಟ್ರಬಸಮ್ಮನಿಗೆ ಫೋಟೋದ ಗುಟ್ಟು ಗೊತ್ತಿರಲಿಲ್ಲ, ಗುಂಡಿಯ ಮಾತಷ್ಟೇ ಸಾಕಾಯಿತು. ಅವಳ ಭುಜ ಕುಣಿಯಿತು. ಎರ್ರಿಸ್ವಾಮಿಗೆ ಎರಡೂ ಅರ್ಥವಾಗಿ, ತಡೆಯಲು ಹೋದರೆ ನಗು ಮೂಗಿನಿಂದ ಸಿಡಿಯಿತು. ಹಿಂದಿನ ಸಾಲಿನ ಬೀಗರು ಅಲುಗಿದರು. ಗಾದೆಪ್ಪ ಹೆಣದ ಮುಂದೆ ನಗುತ್ತೀರಾ ಎಂದು ಗದರಿಸಲು ಬಾಯಿ ತೆರೆದ, ಉಸಿರು ಹೋಯಿತು, ಗುಂಡಿ ನಿಜವಾಗಿಯೂ ಕಿತ್ತುಹೋಯಿತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಗಾದೆಪ್ಪ, ಅಕ್ಕಾ ಎಂದು ಒಂದು ಸಲ ಕೂಗಿ, ನಗುತ್ತ ಅಳುತ್ತ ಅಲ್ಲೇ ಕುಸಿದು ಕೂತ.

ಸಮದ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಮೊದಲ ಭುಜ ಅಲುಗಿದಾಗಲೇ ಮುಚ್ಚಬೇಕಾಗಿತ್ತು. ಎಣಿಕೆ ಮುಗಿಯುವವರೆಗೂ ಮುಚ್ಚಲಿಲ್ಲ.

*

ಮಣ್ಣು ಮುಗಿಸಿ ಬಂದು ಮಿಂದವನೇ ಎರ್ರಿಸ್ವಾಮಿ ಸ್ಟುಡಿಯೋಕ್ಕೆ ಬಂದ. ತಲೆ ಇನ್ನೂ ಒದ್ದೆಯಿತ್ತು. ಬಿಸಿಲು ಬಸ್ ನಿಲ್ದಾಣದ ತಗಡಿನ ಮೇಲಿತ್ತು. ಕರೆಂಟು ಬಂದಿತ್ತು. ಸಮದ ಅವನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿ ಕೆಂಪು ಬಲ್ಬು ಹಚ್ಚಿದ. ಮೇಜಿನ ಮೇಲೆ ಕುಂಚವೂ ಕರಿ ಬಣ್ಣದ ಬಟ್ಟಲೂ ಇದ್ದವು.

ಫೋಟೋ ಕೆಟ್ಟಿರಬಹುದು ಎಂದು ಮೊದಲೇ ಹೇಳಿಬಿಟ್ಟ. ಇನ್ನೊಂದು ತೆಗೆಯಲು ಅಂಬಮ್ಮ ಇರಲಿಲ್ಲ.

ಕಾಗದವನ್ನು ತಟ್ಟೆಯ ಮದ್ದಿನ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಅಲುಗಿಸಿದ. ಬಿಳಿ ಕಾಗದದ ಮೇಲೆ ಮೊದಲು ಕಿಟಕಿಯ ನೆರಳು ಬಂತು. ಆಮೇಲೆ ಗೋಡೆ, ಗೂಟ, ಯಾವುದೋ ಸೀರೆಯ ಅಂಚು. ಇಬ್ಬರೂ ಬಗ್ಗಿ ನೋಡಿದರು.

“ನಾನೆಲ್ಲಿ?” ಎಂದ ಎರ್ರಿಸ್ವಾಮಿ.

ಸಮದ ಬೆರಳು ತೋರಿಸಿದ. ಅಲ್ಲಿ ಒಂದು ಬಿಳಿ ಅಂಗಿ, ಅದರ ಮೇಲೆ ಒಲೆಯ ಹೊಗೆಯಂಥದ್ದು ಏನೋ.

“ಮುಖಾನೇ ಇಲ್ಲಲ್ಲ.”

“ನಕ್ಕಿದ್ದಿ,” ಎಂದ ಸಮದ.

ಎರ್ರಿಸ್ವಾಮಿ ಇನ್ನೂ ಕೆಳಗೆ ಬಗ್ಗಿದ. ಕೂದಲಿನಿಂದ ಒಂದು ಹನಿ ತಟ್ಟೆಗೆ ಬಿದ್ದು, ನೀರು ನಡುಗಿ, ಮತ್ತೆ ತಿಳಿಯಾಯಿತು. ಕೊಟ್ರಬಸಮ್ಮನಿಗೆ ಮೂರು ತಲೆ ಬಂದಿದ್ದವು. ಗಾದೆಪ್ಪನ ಮೀಸೆ ಒಂದು ಕಡೆ, ಗಾದೆಪ್ಪ ಒಂದು ಕಡೆ. ಹೊನ್ನೂರಮ್ಮನ ಸೆರಗಷ್ಟೇ ಇತ್ತು. ಬೀಗರ ಸಾಲು ಗಾಳಿಗೆ ಸಿಕ್ಕ ಜೋಳದ ಹೊಲದ ಹಾಗೆ ಅತ್ತಿಂದಿತ್ತ ಬಳುಕಿ ಒಂದರಲ್ಲೊಂದು ಕಲಸಿಹೋಗಿತ್ತು. ಆ ಗದ್ದಲದ ನಟ್ಟನಡುವೆ ಅಂಬಮ್ಮ ಒಬ್ಬಳೇ, ಕೆನ್ನೆಯ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ, ತಲೆಯನ್ನು ಒಂದಿಷ್ಟು ವಾಲಿಸಿ ಕಣ್ಣು ಮುಚ್ಚಿ ಕೂತಿದ್ದಳು. ಹೇಳುವುದನ್ನು ಹೇಳಿ ಮುಗಿಸಿ, ಇನ್ನು ನೀವು ನಗುವುದು ನಿಮಗೆ ಬಿಟ್ಟದ್ದು ಎನ್ನುವವಳ ಹಾಗೆ.